ತಿರುವಿನಲ್ಲಿ ಆರಿಹೋದ ಇಂಜಿನ್

ಕಾರು ಈಗ ಸರಿಯಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೆ ಈ ಸಂಗತಿ ಹೇಳಲು ಹೊರಟರೂ ಆ ತಿರುವಿಗೆ ಬರುವಷ್ಟರಲ್ಲಿ ನನಗೆ ಮುಂದಿನದು ಹೇಳಲಾಗುವುದಿಲ್ಲ. ಕೇಳುವವರು ಏನೋ ಅನಾಹುತವೇ ಆಗಿಹೋಯಿತೆಂದು ನನ್ನ ಮುಖ ನೋಡುತ್ತಾರೆ. ಏನೂ ಆಗಲಿಲ್ಲ. ಅಕ್ಕ ಮತ್ತು ನಾನು ಇಬ್ಬರೂ ಚೆನ್ನಾಗಿದ್ದೇವೆ.

ಭಾವ ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ಆಳುಕಾಳು, ಲೆಕ್ಕಪತ್ರ ನೋಡಿಕೊಳ್ಳುವ ರೈಟರ್. ಮನೆ ತೋಟದ ಒಳಗೇ ಇದೆ. ಅಕ್ಕ ಗೋಣಿಕೊಪ್ಪಲಿನ ಶಾಲೆಯೊಂದರಲ್ಲಿ ಟೀಚರ್. ನಾನು ಅದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಇರುವುದು ಅಕ್ಕನ ಮನೆಯಲ್ಲೇ. ನಮ್ಮ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಅಕ್ಕನ ಹಳೆಯ ಪೆಟ್ರೋಲ್ ಕಾರೇ ಗತಿ. ಅದರ ಎಡಗಡೆ ಬಾಗಿಲನ್ನು ಎರಡು ಸಲ ಎಳೆದುಕೊಂಡರೆ ಮಾತ್ರ ಮುಚ್ಚುತ್ತದೆ.

ಕಾಫಿ ಕೊಯ್ಲು ಶುರುವಾದ ಮೇಲೆ ಆ ಕಾರಿಗೆ ಒಂದು ನಡುಕ ಹಿಡಿಯಿತು. ಓಡುವಾಗ ಏನೂ ಇಲ್ಲ. ನಿಲ್ಲಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಸ್ಟೇರಿಂಗ್ ಗಡಗಡ ಅಲ್ಲಾಡುತ್ತಿತ್ತು, ಇಂಜಿನ್ ಈಗ ನಿಂತಿತೋ ಆಗ ನಿಂತಿತೋ ಎನ್ನುವಂತೆ ಏದುಸಿರು ಬಿಡುತ್ತಿತ್ತು. ಎದುರಿಗೆ ಇಂಜಿನ್ ಆಕಾರದ ಹಳದಿ ದೀಪವೂ ಹತ್ತಿಕೊಂಡಿತು. ಗೋಣಿಕೊಪ್ಪಲಿನ ಮೆಕ್ಯಾನಿಕ್ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ನೋಡಿದ. ಎರಡು ಕೋಡ್ ಬಂದಿದ್ದವು. ಒಂದು, ಇಂಜಿನ್ ಒಳಗೆ ಕಿಡಿ ತಪ್ಪುತ್ತಿದೆ ಎಂದು. ಇನ್ನೊಂದು, ಪೆಟ್ರೋಲಿಗಿಂತ ಗಾಳಿ ಹೆಚ್ಚಾಗುತ್ತಿದೆ ಎಂದು. ಅವನು ಮೊದಲನೆಯದನ್ನು ನಂಬಿದ. ಸ್ಪಾರ್ಕ್ ಪ್ಲಗ್ ಬದಲಿಸಿ, ಕೋಡ್ ಅಳಿಸಿ, ದೀಪ ಆರಿಸಿ ಕಳಿಸಿದ. ಮೂರನೆಯ ದಿನಕ್ಕೆ ದೀಪ ಮತ್ತೆ ಹತ್ತಿತು. ಶನಿವಾರ ತೋರಿಸಿದರಾಯಿತೆಂದು ಅಕ್ಕ ನಿಂತಲ್ಲೆಲ್ಲ ಆಕ್ಸಿಲರೇಟರಿನ ಮೇಲೆ ಕಾಲಿನ ಹೆಬ್ಬೆರಳು ಊರಿಕೊಂಡು ಇಂಜಿನ್ ಜೀವ ಹಿಡಿದಿಡುತ್ತಿದ್ದಳು. ನಮಗೆ ಅದೇ ಅಭ್ಯಾಸವಾಗಿಹೋಗಿತ್ತು.

ಶನಿವಾರ ಬರುವ ಮೊದಲೇ ಆನೆ ಬಂತು.

ಆ ಕಡೆಯವರಿಗೆ ಆನೆ ಹೊಸತಲ್ಲ. ದಾರಿಯಲ್ಲಿ ಕಂಡರೆ ಏನು ಮಾಡಬೇಕೆಂದು ಮಕ್ಕಳಿಗೂ ಗೊತ್ತು. ದೂರದಲ್ಲೇ ನಿಲ್ಲಿಸಬೇಕು. ಹಾರ್ನ್ ಹೊಡೆಯಬಾರದು. ಇಂಜಿನ್ ಆಫ್ ಮಾಡಬಾರದು, ರೇಸ್ ಕೂಡ ಮಾಡಬಾರದು. ರಿವರ್ಸ್ ಗೇರಿಗೆ ಹಾಕಿಕೊಂಡು ಸುಮ್ಮನೆ ಕಾಯಬೇಕು, ಅದು ದಾಟಿಕೊಂಡು ಹೋಗುತ್ತದೆ. ಆ ಬೆಳಿಗ್ಗೆ ಏರಿನ ತಿರುವು ತಿರುಗಿದ ಕೂಡಲೇ, ಕಾಫಿ ಗಿಡಗಳ ನಾಲ್ಕು ಸಾಲಿನಷ್ಟು ದೂರದಲ್ಲಿ, ಹೆಣ್ಣಾನೆಯೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಅದರ ಕಾಲ ಸಂದಿಯಲ್ಲಿ ಮರಿ.

ಅಕ್ಕ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದಳು. ಕಾರು ನಡುಗತೊಡಗಿತು. ಅವಳ ಕಾಲು ಆಕ್ಸಿಲರೇಟರಿನ ಮೇಲೆ ಹೋಯಿತು, ಇಂಜಿನ್ ಗುರ್ರೆಂದಿತು. ಆನೆ ತಲೆ ತಿರುಗಿಸಿತು.

"ಒತ್ತಿದ್ರೆ ಕೇಳುತ್ತೆ, ಬಿಟ್ರೆ ನಿಂತೋಗುತ್ತೆ," ಎಂದಳು ಅಕ್ಕ, ತುಟಿ ಅಲ್ಲಾಡಿಸದೆ. ನನ್ನನ್ನು ಕೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಕಾಲು ಬಿಟ್ಟಳು. ಇಂಜಿನ್ ಎರಡು ಸಲ ಕೆಮ್ಮಿ ಆರಿಹೋಯಿತು.

ಆಮೇಲಿನ ಆ ನಿಶ್ಶಬ್ದವೇ ನನಗೆ ಈಗಲೂ ಕೇಳಿಸುವುದು. ಆನೆ ಕಿವಿ ಅಗಲಿಸಿ ನಮ್ಮ ಕಡೆಗೆ ಹೆಜ್ಜೆ ಇಟ್ಟಿತು. ಕೀ ತಿರುಗಿಸಿದರೆ ಸ್ಟಾರ್ಟರಿನ ಸದ್ದು. ಸ್ಟಾರ್ಟ್ ಆದರೂ ಆದೀತು, ಆಗದೆಯೂ ಇದ್ದೀತು. ಅಕ್ಕ ಕೀಗೆ ಕೈ ಹಾಕಲಿಲ್ಲ.

"ಅಲ್ಲಾಡ್ಬೇಡ ಕಣೆ," ಎಂದು ಗೇರನ್ನು ನ್ಯೂಟ್ರಲ್ಲಿಗೆ ತಂದು ಹ್ಯಾಂಡ್ ಬ್ರೇಕ್ ಬಿಟ್ಟಳು. ಏರಿನಲ್ಲಿದ್ದ ಕಾರು ತಾನಾಗಿ ಹಿಂದಕ್ಕೆ ಜಾರತೊಡಗಿತು. ಇಂಜಿನ್ ಆರಿದ್ದರಿಂದ ಸ್ಟೇರಿಂಗ್ ಎಷ್ಟು ಬಿಗಿಯಾಗಿತ್ತೆಂದರೆ ಅವಳು ಅದಕ್ಕೆ ಇಡೀ ಮೈಯನ್ನೇ ಒಡ್ಡಿ ತಿರುಗಿಸಿದಳು. ತಿರುವು ದಾಟಿದೆವು, ಆನೆ ಮರೆಯಾಯಿತು, ಕಾರು ಮಾತ್ರ ವೇಗ ಹಿಡಿಯಿತು. ಬ್ರೇಕ್ ಒತ್ತಿದರೆ ಪೆಡಲ್ ಕಲ್ಲಿನಂತೆ ನಿಂತಿತ್ತು. ಅಕ್ಕ ಮತ್ತೆ ಹ್ಯಾಂಡ್ ಬ್ರೇಕ್ ಎಳೆದಳು. ಹಿಂಭಾಗ ರಸ್ತೆ ಪಕ್ಕ ಗೋಡೆಯಂತೆ ಎದ್ದಿದ್ದ ಮಣ್ಣಿನ ಬರೆಗೆ ಮೆತ್ತಗೆ ತಾಗಿ ಕಾರು ನಿಂತಿತು. ಮೇಲುಗಡೆ ಕಾಫಿ ಗಿಡಗಳು ಮುರಿಯುವ ಸದ್ದು ಬಂತು. ಬರಬರುತ್ತ ಅದು ದೂರವಾಯಿತು. ಅದೂ ನಿಂತ ಮೇಲೆ ಅಕ್ಕ ಕೀ ತಿರುಗಿಸಿದಳು. ಇಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು.

ನೇರ ಗ್ಯಾರೇಜಿಗೆ ಹೋದೆವು. ನಡೆದದ್ದನ್ನು ಹೇಳಿ ಮುಗಿಸಿ ಅಕ್ಕ, "ಕಾರಣ ಸಿಕ್ಕಿದ್ರೆ ಸಾಯಂಕಾಲ ತಗೊಂಡು ಹೋಗ್ತೀನಿ. ಸಿಗ್ಲಿಲ್ಲ ಅಂದ್ರೆ ಇದು ಇಲ್ಲೇ ಇರ್ಲಿ. ಕೆಲಸ ಬಿಟ್ಟು ಮನೇಲಿ ಕೂತ್ಕೋತೀನಿ," ಎಂದಳು. ತಮಾಷೆಗೆ ಹೇಳಿದ್ದಲ್ಲ.

ಮೆಕ್ಯಾನಿಕ್ ಈ ಸಲ ದೀಪ ಆರಿಸುವ ಗೋಜಿಗೆ ಹೋಗಲಿಲ್ಲ. ಸ್ಕ್ಯಾನರಿನಲ್ಲಿ ಅವೇ ಎರಡು ಕೋಡ್.

"ಕಳೆದ ಸಲ ನಾನು ಈ ಗಾಳಿ ಕೋಡನ್ನೇ ಬಿಟ್ಟೆ," ಎಂದ. "ಎಲ್ಲೋ ಕಳ್ಳದಾರೀಲಿ ಗಾಳಿ ಹೋಗ್ತಾ ಉಂಟು. ಟೀಚರೇ, ಸ್ಟಾರ್ಟ್ ಮಾಡಿ, ಸ್ವಲ್ಪ ಬ್ರೇಕ್ ಒತ್ತಿ."

ಅಕ್ಕ ಬ್ರೇಕ್ ಒತ್ತಿದಾಗ ಇಂಜಿನ್ನಿನ ನಡುಕದ ತಾಳವೇ ಬದಲಾಯಿತು. ಅದು ನನಗೂ ಕೇಳಿಸಿತು. ಬಾನೆಟ್ ಒಳಗೆ ತಲೆ ತೂರಿಸಿದ್ದ ಅವನು ಒಮ್ಮೆ ಸೀನಿದ. ಮತ್ತೆ ಸೀನಿದ. ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬಂದ.

"ಎಂತ ಟೀಚರೇ ಇದು, ಇಂಜಿನ್‌ಗೆ ಒಗ್ಗರಣೆ ಹಾಕಿದ್ದಾ?"

ಪ್ಲಗ್ ಬದಲಿಸುವಾಗ ಕಾಣದ ಹಿಂಬದಿಯ ರಬ್ಬರ್ ಪೈಪುಗಳ ಮೇಲೆಲ್ಲ ಕಪ್ಪು ಅಂಟು ಮೆತ್ತಿಕೊಂಡಿತ್ತು. ಅದರ ವಾಸನೆ ನನಗೆ ಪರಿಚಿತ. ತೋಟದ ಅಂಚಿನಲ್ಲಿ ಆನೆ ಬರದಿರಲೆಂದು ಹಗ್ಗ ಕಟ್ಟುತ್ತಾರೆ, ಅದಕ್ಕೆ ಮೆಣಸಿನಪುಡಿ ಮತ್ತು ಹೊಗೆಸೊಪ್ಪಿನ ಪುಡಿಯನ್ನು ಹಳೆಯ ಇಂಜಿನ್ ಆಯಿಲಿನಲ್ಲಿ ಕಲಸಿ ಬಳಿಯುತ್ತಾರೆ. ಅದೇ ವಾಸನೆ. ಅಕ್ಕ ಭಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ರೀ, ಕಾರಿನ ಇಂಜಿನ್‌ಗೆ ಏನಾದ್ರೂ ಬಳಿದಿದ್ರಾ?"

"ಹೂಂ. ಹಗ್ಗಕ್ಕೆ ಕಲಸಿದ್ದು ಒಂದು ಡಬ್ಬ ಉಳಿದಿತ್ತು," ಎಂದರು ಭಾವ, ಉತ್ಸಾಹದಿಂದಲೇ. "ಮಳೆಗಾಲದಲ್ಲಿ ಇಲಿ ವೈರ್ ಕಡಿದಿತ್ತಲ್ಲ, ಅದಕ್ಕೇ. ಆಮೇಲೆ ಒಂದು ಇಲಿ ಬಂತಾ ಹೇಳು?"

"ಇಲಿ ಬರ್ಲಿಲ್ಲ. ಆನೆ ಬಂತು."

"ಎಲ್ಲಿ? ನೀವಿಬ್ರೂ ಎಲ್ಲಿದೀರಾ?" ಎಂದು ಅವರು ಕೇಳಿದ ಧ್ವನಿ ಬೇರೆಯೇ ಆಗಿತ್ತು. ಅಕ್ಕನಿಗೆ ಅಳು ಬಂದದ್ದು ಆಗಲೇ.

ಮೆಕ್ಯಾನಿಕ್ ಬಾಟಲಿಯಿಂದ ಸೋಪಿನ ನೀರನ್ನು ಪೈಪುಗಳ ಮೇಲೆ ಒಂದೊಂದಾಗಿ ಚಿಮುಕಿಸುತ್ತ ಬಂದ. ಹೆಬ್ಬೆರಳು ದಪ್ಪದ ಒಂದು ಪೈಪಿನ ಕತ್ತಿಗೆ ನೀರು ಬಿದ್ದಾಗ ಇಂಜಿನ್ ಒಂದು ಉಸಿರಿನಷ್ಟು ಹೊತ್ತು ಸಮಾಧಾನವಾಗಿ ಓಡಿ ಮತ್ತೆ ನಡುಗಿತು. ಇನ್ನೊಮ್ಮೆ ಚಿಮುಕಿಸಿದ, ಹಾಗೇ ಆಯಿತು. ನೀರು ಆ ಕಳ್ಳದಾರಿಯನ್ನು ಮುಚ್ಚಿದಷ್ಟು ಹೊತ್ತು ಮಾತ್ರ ಗಾಳಿ ನುಗ್ಗುವುದು ನಿಲ್ಲುತ್ತಿತ್ತು. ಎಣ್ಣೆ ಕುಡಿದು ಕುಡಿದು ರಬ್ಬರ್ ಉಬ್ಬಿ ಮೆತ್ತಗಾಗಿ, ಕ್ಲಿಪ್ ಇದ್ದ ಕಡೆ ಸೀಳಿಹೋಗಿತ್ತು. ಬಿಚ್ಚಿ ನನ್ನ ಅಂಗೈಗೆ ಹಾಕಿದ. ನೆನೆದ ಹುಣಸೆಹಣ್ಣಿನಂತಿತ್ತು.

"ಬ್ರೇಕಿಗೆ ಇಂಜಿನ್‌ನಿಂದ ಬಲ ಸಿಗೋದೂ ಈ ಪೈಪಲ್ಲೇ," ಎಂದ.

ಅದನ್ನು ಕೇಳಿದ ಮೇಲೆ ಆ ಜಾರುವಿಕೆ ನನ್ನ ಕಣ್ಣೆದುರು ಮೊದಲಿನಿಂದ ಮತ್ತೆ ನಡೆಯಿತು. ಬರೆ ಅಲ್ಲಿ ಇರದಿದ್ದರೆ, ಹ್ಯಾಂಡ್ ಬ್ರೇಕ್ ಹಿಡಿಯದಿದ್ದರೆ. ಹೊರಗೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತೆ. ಒಳಗಿನಿಂದ ಅಕ್ಕ ಸೋಪಿನ ನೀರಿನ ವಿಷಯ ಕೇಳುತ್ತಿದ್ದಳು. ಮನೆಯಲ್ಲೇ ನೋಡಿಕೊಳ್ಳಬಹುದೇ ಎಂದು ವಿಚಾರಿಸುತ್ತಿದ್ದಳು. ಹಾಗಾದರೆ ಅವಳು ಕೆಲಸ ಬಿಡುವುದಿಲ್ಲ ಎಂದು ಗೊತ್ತಾಯಿತು, ಎದ್ದು ಒಳಗೆ ಹೋದೆ.

ಹೊಸ ಪೈಪು ಹಾಕಿ, ಉಳಿದವನ್ನೆಲ್ಲ ಒರೆಸಿ, ಕೋಡ್ ಅಳಿಸಿ ಸಂಜೆಗೆ ಕಾರು ಕೊಟ್ಟ. ಪಾಲಿಬೆಟ್ಟದ ಹತ್ತಿರ ಭಾವ ಬೈಕಿನಲ್ಲಿ ಕಾಯುತ್ತಿದ್ದರು. ಬೈಕ್ ತಿರುಗಿಸಿ ನಮ್ಮ ಮುಂದೆ ಹೊರಟರು. ಆ ತಿರುವಿನಲ್ಲಿ ಅಕ್ಕ ಬೇಕೆಂದೇ ಕಾರು ನಿಲ್ಲಿಸಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಳು. ಕಾಲನ್ನೂ ಆಕ್ಸಿಲರೇಟರಿನಿಂದ ತೆಗೆದಿದ್ದಳು. ಭಾವ ಬೈಕ್ ಅಲ್ಲೇ ನಿಲ್ಲಿಸಿ ಓಡಿಬಂದರು.

"ಏನಾಯ್ತೆ? ಮತ್ತೆ ಆಫ್ ಆಯ್ತಾ?"

"ಇಲ್ಲ. ಓಡ್ತಿದೆ."

ಅವರು ನಂಬಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದರು. ಬಹಳ ಹೊತ್ತು ಆ ಕೈ ಅಲ್ಲೇ ಇತ್ತು.

"ಆ ಡಬ್ಬದಲ್ಲಿ ಇನ್ನೂ ಇದೆಯೇನ್ರೀ?" ಎಂದಳು ಅಕ್ಕ.

"ಮಧ್ಯಾಹ್ನಾನೇ ಹಗ್ಗಕ್ಕೆ ಬಳಿದು ಮುಗಿಸ್ದೆ," ಎಂದರು ಭಾವ. "ಈ ತಿರುವಿನ ಹತ್ರಾನೇ."