ವರನ ಮೆರವಣಿಗೆಯಲ್ಲಿ ನಮ್ಮ ಕುದುರೆ

ಮದುವೆಯಾಗಿ ವಿಜಾಪುರದ ಕಡೆಯಿಂದ ಕಲ್ಯಾಣಕ್ಕೆ ಬಂದಾಗ ನನಗೆ ಕುದುರೆಯೆಂದರೆ ಹೆದರಿಕೆ. ಆದರೆ ಮಾವನವರದು ಅದೇ ವ್ಯಾಪಾರ. ವಿಠ್ಠಲವಾಡಿಯಲ್ಲಿ ಬಾಡಿಗೆ ಜಾಗದಲ್ಲಿ ಅವರ ತಬೇಲಾ, ಅಂದರೆ ಕುದುರೆ ಲಾಯ, ಇತ್ತು. ಮಗನಿಗೆ, ಅಂದರೆ ನನ್ನ ಗಂಡನಿಗೆ, ಠಾಣೆಯ ಕಾರ್ಖಾನೆಯೊಂದರಲ್ಲಿ ಕ್ಲಾರ್ಕ್ ಕೆಲಸ. ಅಪ್ಪನ ಮೈಯ ಕುದುರೆ ವಾಸನೆ ಅವರಿಗೆ ನಾಚಿಕೆ. ಅತ್ತೆ ಇರಲಿಲ್ಲ. ಮಧ್ಯಾಹ್ನದ ರೊಟ್ಟಿ ನಾನೇ ತಬೇಲಾಕ್ಕೆ ಒಯ್ಯುತ್ತಿದ್ದೆ. ಹಾಗೆ ಒಯ್ಯುತ್ತ ಒಯ್ಯುತ್ತ ಹೆದರಿಕೆ ಹೋಯಿತು.

ಟಾಂಗಾದವರು ಬರುತ್ತಿದ್ದರು, ಗುಡ್ಡದ ಮೇಲೆ ಪ್ರವಾಸಿಗರನ್ನು ಸವಾರಿ ಮಾಡಿಸುವವರು ಬರುತ್ತಿದ್ದರು. ಹಲ್ಲು ನೋಡಿ, ಹಣೆಯ ಸುಳಿ ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಮಾವನವರು ಎಲ್ಲ ಕುದುರೆ ಮಾರುತ್ತಿದ್ದರು, ಒಂದು ಬಿಳಿಯದನ್ನು ಬಿಟ್ಟು. ಅದನ್ನು ಮರಿಗಾಗಿಯೇ ಸಾಕಿದ್ದರು. ಹೊಟ್ಟೆಯಲ್ಲಿರುವಾಗಲೇ ಅದರ ಮರಿಗಳಿಗೆ ಗಿರಾಕಿ ಗೊತ್ತಾಗಿರುತ್ತಿತ್ತು.

ಆಮೇಲೆ ಆಟೋರಿಕ್ಷಾ ಬಂದವು. ಟಾಂಗಾದವರು ಕೊಳ್ಳಲು ಬರುವುದು ನಿಂತು, ಮಾರಲು ಬರತೊಡಗಿದರು. ಜಾಗದ ಮಾಲೀಕ ಬಿಲ್ಡಿಂಗ್ ಕಟ್ಟುತ್ತೇನೆ, ಖಾಲಿ ಮಾಡಿ ಎಂದ. ಒಂದೊಂದೇ ಕುದುರೆ ಹೋಗಿ ಕೊನೆಗೆ ಬಿಳಿ ಕುದುರೆ ಉಳಿಯಿತು. ಆಗ ಅದು ಗಬ್ಬವಾಗಿತ್ತು. ಅದನ್ನೂ ಮಾರಬೇಕಾಯಿತು; ಕೊಂಡವನು ಬದಲಾಪುರದ ಕುದುರೆ ವ್ಯಾಪಾರಿ. ಮರಿ ಹಾಕುವತನಕ ಕೆಲಸಕ್ಕೆ ಹಚ್ಚಬಾರದೆಂದು ಮಾವನವರು ಹರಕು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದರು. ಅವನು, "ನಹೀ ಚಾಚಾ, ಕಸಮ್ ಸೇ" ಎಂದು ಆಣೆ ಇಟ್ಟು ಗಂಟಲು ಮುಟ್ಟಿಕೊಂಡ.

ಕೆಲವು ತಿಂಗಳ ನಂತರ ಠಾಣೆಯ ವರ್ತಕ ನಗರದಲ್ಲಿ ಗಂಡನ ಸಹೋದ್ಯೋಗಿಯ ಮದುವೆ. ಮಾವನವರೂ ಸೇರಿ ಮೂವರೂ ಹೋಗಿದ್ದೆವು. ಸಂಜೆ ಬಿಸಿಲಿನಲ್ಲಿ ಬ್ಯಾಂಡಿನವರು ಊದುತ್ತ ಬಂದರು. ಪಟಾಕಿಯ ಹೊಗೆಯ ಹಿಂದೆ ವರ ಬಿಳಿ ಕುದುರೆಯ ಮೇಲೆ ಕೂತಿದ್ದ. ಹೊಟ್ಟೆಯವರೆಗೂ ಮಖಮಲ್ಲಿನ ಹೊದಿಕೆ. ಅದು ನಮ್ಮದೇ ಎಂದು ನಾನು ಗುರುತು ಹಿಡಿಯುವಷ್ಟರಲ್ಲಿ ಮಾವನವರು ಕುಣಿಯುವ ಹುಡುಗರ ನಡುವೆ ನುಗ್ಗಿ ಲಗಾಮು ಹಿಡಿದಾಗಿತ್ತು. ಹೊದಿಕೆ ಎತ್ತಿ ಹೊಟ್ಟೆಯ ಮೇಲೆ ಅಂಗೈ ಇಟ್ಟರು.

"ಅಪ್ಪಾ, ಇಲ್ಲಿ ಬ್ಯಾಡ. ಮಂದಿ ನೋಡಾಕತ್ತಾರ," ಎಂದು ನನ್ನ ಗಂಡ ಅವರ ತೋಳು ಜಗ್ಗಿದರು.

"ನೋಡ್ಲಿ. ತುಂಬು ಗಬ್ಬ ಐತಿ. ಆ ಹುಡುಗಗ ಇಳಿ ಅನ್ನು."

ವರನ ಕಾಕಾ ಅಪಶಕುನ ಎಂದು ಕೂಗಾಡುತ್ತ ಮಾವನವರನ್ನು ತಳ್ಳಿದರು. ವರ ಮಾತ್ರ, ಪಾಪ, ಬಗ್ಗಿ ಕುದುರೆಯ ಹೊಟ್ಟೆ ನೋಡಿ ಇಳಿದು ಪೇಟಾ ಸರಿಮಾಡಿಕೊಂಡು ನಡೆದೇ ಹೊರಟ. ಕುದುರೆ ತಂದಿದ್ದ ಆಳು ಗಾಬರಿಯಾಗಿ ಅದನ್ನು ಜಗ್ಗಿಕೊಂಡು ಓಡಿದ. ಊಟ ಮಾಡದೆ ನಾವು ಸ್ಟೇಷನ್ನಿಗೆ ಬಂದೆವು. ಗಂಡ ಅಪ್ಪನನ್ನು ಬಿಟ್ಟು ಬೇರೆ ಡಬ್ಬಿ ಹತ್ತಿದರು.

ಬೆಳಿಗ್ಗೆ ಮಾವನವರು ಬದಲಾಪುರಕ್ಕೆ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ವ್ಯಾಪಾರಿಯ ಅಂಗಳದಲ್ಲಿ ಕುದುರೆ ಮಲಗಿತ್ತು. ಪಕ್ಕದಲ್ಲಿ ಗೋಣಿಚೀಲದ ಕೆಳಗೆ ಕಪ್ಪು ಮರಿ. ದಿನ ತುಂಬಲು ಇನ್ನೂ ಕೆಲವು ವಾರ ಇರುವಾಗಲೇ, ಸತ್ತೇ ಹುಟ್ಟಿತ್ತು. ಮಾವನವರು ನೆಲದ ಮೇಲೆ ಕೂತು ಕುದುರೆಯ ಕಿವಿ ಸವರತೊಡಗಿದರು. ನಾನು ವ್ಯಾಪಾರಿಗೆ ಬೈಯಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವನೇ ತಲೆ ತಗ್ಗಿಸಿ, "ಲೇ ಜಾವೋ ಚಾಚಾ, ಪೈಸಾ ಮತ್ ದೋ," ಎಂದ. ದುಡ್ಡು ಬೇಡ, ಒಯ್ಯಿರಿ ಅಂತ.

ಮಾವನವರು ನನ್ನ ಮುಖ ನೋಡಿದರು.

"ಎಲ್ಲಿ ಕಟ್ಟಲಿ, ಯವ್ವಾ?"

ತಬೇಲಾದ ಜಾಗದಲ್ಲಿ ಪಾಯ ತೋಡಿಯಾಗಿತ್ತು. ನಮ್ಮ ಮನೆಯೆಂದರೆ ಚಾಳಿನ ಮೇಲಂತಸ್ತಿನ ಒಂದೇ ಖೋಲಿ. ಅವರು ಬಕೆಟ್ಟಿನಲ್ಲಿ ನೀರು ತಂದು ಕುದುರೆಗೆ ಕುಡಿಸಿ, ಕೈ ತೊಳೆದುಕೊಂಡು ನಡೆದರು.

ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಮಾವನವರು ಅಂಬರನಾಥ ದಾಟಿದ ಮೇಲೆ ಅಂದರು: "ಕರೇ ಮರಿ ಅಂತ ತಿಳೀಬ್ಯಾಡ. ಬಿಳಿ ಕುದುರಿ ಹುಟ್ಟಿದಾಗ ಹಂಗ ಇರ್ತಾವ. ಬೆಳೆದಂಗ ಬೆಳ್ಳಗಾಗ್ತಿತ್ತು."

ಕುದುರೆ ಬದುಕಿತು, ಮತ್ತೆ ಗಬ್ಬವಾಗಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಮಾವನವರಿಗೆ ನಾನದನ್ನು ಹೇಳಲಿಲ್ಲ. ಆ ವರ್ಷವೇ ಗಂಡ ಅವರಿಗೆ ಡೊಂಬಿವಲಿಯ ಹೊಸ ಬಿಲ್ಡಿಂಗೊಂದರಲ್ಲಿ ವಾಚ್‌ಮನ್ ಕೆಲಸ ಹುಡುಕಿಕೊಟ್ಟರು. ಖಾಕಿ ಅಂಗಿ ಹಾಕಿಕೊಂಡು ಅವರು ಡ್ಯೂಟಿಗೆ ಹೋಗತೊಡಗಿದರು.