ಶಾಂತಕ್ಕನಿಗೆ ನಾನು ಮುಟ್ಟಿಸಿದ ಮಾತು

ನಿಮ್ಮ ಅಜ್ಜನ ಅಕ್ಕ ಶಾಂತಕ್ಕನಿಗೆ ನಾನೊಂದು ಸುಳ್ಳು ಹೇಳಿದ್ದೇನೆ, ಮಕ್ಕಳೇ. ಅವರ ಹೆತ್ತ ತಾಯಿಯ ಹೆಸರಿನಲ್ಲಿ ಹೇಳಿದ್ದೇನೆ. ನಿಮ್ಮ ಅಜ್ಜನಿಗೂ ಇದು ತಿಳಿಯದೆ ಹೋಯಿತು.

ನಿಮ್ಮ ಅಪ್ಪನ ತೊಟ್ಟಿಲ ಕಾರ್ಯದ ಹಿಂದಿನ ದಿನ ಮಧ್ಯಾಹ್ನ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಆದರೆ ಗಂಡನನ್ನು ಕಳೆದುಕೊಂಡು, ಎಳೆಯ ಮಗಳೊಡನೆ ದಂಡೋತಿಯ ತವರಿಗೆ ಮರಳಿದ್ದ ಶಾಂತಕ್ಕ ಜನರೆದುರು ಬರಲು ಹಿಂಜರಿಯುತ್ತಿದ್ದರು. ನನ್ನ ಅತ್ತೆಯವರು, ಅಂದರೆ ಶಾಂತಕ್ಕನ ಅವ್ವ, ಹೂರಣ ರುಬ್ಬುತ್ತಲೇ ನನ್ನನ್ನು ಕರೆದರು.

“ಶಾಂತಾಗ ಹೇಳವಾ, ಹೆಸರ ಆಕೀನೇ ಇಡ್ಬೇಕು. ಜನರಾಗ ಬರಾಕ ಮನಸ ಒಪ್ಪಲಿಲ್ಲಂದ್ರ ಬರಬೇಕಂತೇನಿಲ್ಲ, ಕೂಸಿನ್ನ ಒಳಗೇ ತರ್ತೀವಿ ಅನ್ನು.”

ಹಿತ್ತಲಿಗೆ ನಡೆದೆ. ಎಲ್ಲವೂ ಕನಸಿನಲ್ಲಿ ಕಂಡಂತೆ ನೆನಪಿದೆ — ಬಿಸಿಲಿಗೆ ಬೆಳ್ಳಗಾದ ಫರ್ಸಿಕಲ್ಲು, ಕಾಗಿಣಾ ಹೊಳೆಯ ಕಡೆಯ ಮೆಲುಗಾಳಿಗೆ ಉಬ್ಬುವ ಒಣಹಾಕಿದ ಸೀರೆಗಳು, ಅವುಗಳ ನಡುವೆ ಕೂತು ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದ ಅವರು. ನಾನು ಮೊದಲ ಕೂಸನ್ನು ಕಳೆದುಕೊಂಡವಳು. ಕುಂಕುಮವಿಲ್ಲದ ಆ ಹಣೆ ನೋಡಿ ಹೆದರಿದೆ — ಅಲ್ಲ, ಹೆದರಿಕೆಯೊಂದೇ ಅಲ್ಲ. ಕೂಸು ಅವರನ್ನು ಕಂಡರೆ ಅಳು ನಿಲ್ಲಿಸುತ್ತಿತ್ತು. ಅದೂ ನನಗೆ...

“ಅಕ್ಕ, ನೀವು ತೊಟ್ಲ ಹತ್ರ ಬರಬಾರದಂತ್ರಿ. ಅವ್ವ ಅಂದಾರ.”

ಸೂಜಿ ನಿಂತಿತು. “ಅವ್ವ ಅಂದಳೇನು?”

ತಲೆಯಾಡಿಸಿದೆ. ಅವರು ದಾರ ಕಡಿದು, ಕುಂಚಿಗೆಯನ್ನು ನನ್ನ ಕೈಗಿಟ್ಟರು. ಒಳಗೆ ಬಂದು, ಅಕ್ಕನಿಗೆ ಮನಸ್ಸಿಲ್ಲವಂತೆ ಎಂದು ಅತ್ತೆಯವರಿಗೂ ಹೇಳಿದೆ. ಹೆಸರಿಟ್ಟವಳು ನನ್ನ ತಂಗಿ.

ತಾಯಿ ಮಗಳು ಜಗಳವಾಡಲಿಲ್ಲ. ಒಬ್ಬರನ್ನೊಬ್ಬರು ಏನೂ ಕೇಳಲೂ ಇಲ್ಲ. ಅತ್ತೆಯವರ ಕೊನೆಯ ದಿನಗಳಲ್ಲಿ ಶಾಂತಕ್ಕ ಅವರ ಕಾಲ ಬಳಿ ಕೂತಿರುತ್ತಿದ್ದರು. ತಲೆಯ ಬಳಿಗೆ ಬರಲಿಲ್ಲ.

ಮೊನ್ನೆ ನಿಮ್ಮೊಳಗಿನ ಸಣ್ಣವಳು ಇಂಗ್ಲಿಷ್ ಪಾಠ ಓದುತ್ತ ನನಗೇ ಮೇಷ್ಟ್ರಾದಳು. “‘ಮಸ್ಟ್ ನಾಟ್’ ಅಂದ್ರ ಮಾಡಬಾರದು, ‘ನೀಡ್ ನಾಟ್’ ಅಂದ್ರ ಮಾಡಬೇಕಂತಿಲ್ಲ. ಎರಡೂ ಒಂದೇ ಅಂತ ಬರದಿ ಅಂದ್ರ ನೀ ಫೇಲ್ ನೋಡ್ ಆಯಿ.”

ನಕ್ಕೆ. ಆಮೇಲೆ ನಗಲಾಗಲಿಲ್ಲ. ನನಗೆ ಇಂಗ್ಲಿಷ್ ಬಾರದು, ಮಗಳೇ; ಆದರೂ ಈ ಅಂತರ ಅಂದೇ ಗೊತ್ತಿತ್ತು. ಗೊತ್ತಿದ್ದೇ ಬದಲಿಸಿದೆ.

ಈಗ ನನ್ನ ಹಣೆಯಲ್ಲೂ ಕುಂಕುಮವಿಲ್ಲ. ನೀವು ಯಾರೂ ನನ್ನನ್ನು ಯಾವ ತೊಟ್ಟಿಲಿನಿಂದಲೂ ದೂರವಿಟ್ಟಿಲ್ಲ.

ಶಾಂತಕ್ಕ ವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಮ್ಮ ತಾಯಿಯೇ ಬೇಡವೆಂದಳು ಎಂದು ಇಂದಿಗೂ ನಂಬಿದ್ದಾರೆ. ನಾಳೆ ಚಿತ್ತಾಪುರದಿಂದ ಬೆಳಗಿನ ರೈಲಿಗೆ ಹೋಗುತ್ತೇನೆ. ಅವರು ನನ್ನನ್ನು ಕ್ಷಮಿಸಬೇಕೆಂದಿಲ್ಲ. ಅವ್ವ ಕರೆದಿದ್ದಳು ಎಂಬುದು ಅವರಿಗೆ ತಿಳಿಯಲಿ.