ಗೋಡೆಯಾಚೆ ಬಾಗಿದ ಹಿಪ್ಪುನೇರಳೆ

ನಮ್ಮ ಹಿಪ್ಪುನೇರಳೆ ಗಿಡದ ದೊಡ್ಡ ಕೊಂಬೆಯೊಂದು ಪಕ್ಕದ ಮನೆಯ ಹಿತ್ತಲಿಗೆ ಬಾಗಿತ್ತು. ಬೇಕೆಂದೇ ಬಿಟ್ಟಿದ್ದೆ. ಹಣ್ಣು ಬಿಡುವ ಗಿಡ ನಾಲ್ಕು ಮಂದಿಗೆ ಆಗಲಿ ಎಂಬ ದೊಡ್ಡತನ ಆಗ ನನಗಿತ್ತು.

ಸಿಂಧನೂರಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ ವರ್ಷ ನಾನು ಮೊದಲು ತಂದದ್ದು ಸ್ಟ್ರಾಬೆರಿ ಸಸಿ. ಏಪ್ರಿಲ್ ಬಿಸಿಲಿಗೆ ಅವು ಕುಂಡದಲ್ಲೇ ಸುಟ್ಟುಹೋದವು. ನಾನು ಪಾಠ ಹೇಳುವುದು ಮಸ್ಕಿಯ ಒಂದು ಶಾಲೆಯಲ್ಲಿ. ಅಲ್ಲಿಯ ಸಹೋದ್ಯೋಗಿಯೊಬ್ಬರು ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನವರು. ತಮ್ಮ ಹಿತ್ತಲಿನಿಂದ ಗೇಣುದ್ದದ ನಾಲ್ಕು ಹಿಪ್ಪುನೇರಳೆ ಕಡ್ಡಿ ತಂದುಕೊಟ್ಟು, “ಇದು ಬಿಸಿಲಿಗೆ ಹೆದರಂಗಿಲ್ರಿ, ಹಚ್ಚಿ ನೋಡ್ರಿ” ಎಂದರು. ನಾಲ್ಕರಲ್ಲಿ ಒಂದು ಚಿಗುರಿತು. ಚಿಗುರಿಸಿದವಳು ನಮ್ಮವ್ವ. ನಳದಲ್ಲಿ ನೀರು ಬಾರದ ದಿನಗಳಲ್ಲೂ ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಬುಡಕ್ಕೆ ಹಾಕುತ್ತಿದ್ದಳು. ಗೊರೇಬಾಳದ ಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತದ ನಾಟಿ ಮಾಡಿ ನನ್ನನ್ನು ಓದಿಸಿದ ಕೈಗಳು ಅವು. ಲಿಂಗಸುಗೂರಿನ ಹಾಸ್ಟೆಲಿನ ನೀರುಸಾರು ಉಂಡು, ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಎರಡನೆಯ ವರ್ಷ ಗಿಡ ಮೈತುಂಬ ಹಣ್ಣು ಬಿಟ್ಟಿತು. ಕೆಂಪಗಿದ್ದಾಗ ತಿಂದರೆ ಹುಳಿ; ಕಪ್ಪಾದದ್ದು ಬೆರಳು ತಾಕಿದರೆ ಸಾಕು, ಅಂಗೈಗೆ ಬೀಳುತ್ತದೆ. ಅವ್ವ ಕಪ್ಪಾದವನ್ನಷ್ಟೇ ಆರಿಸಿ, ಮೊದಲ ಬಟ್ಟಲನ್ನು ಪಕ್ಕದ ಮನೆಗೆ ಒಯ್ದಳು. ನಮ್ಮ ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು, ಗೋಡೆಯ ಮೇಲಿನ ಬುದ್ಧನ ಚಿತ್ರ ನೋಡಿ, ನೀರೂ ಕುಡಿಯದೆ ಹೋದವರು ಅವರು. ಉಪವಾಸವೇನೋ ಎಂದುಕೊಂಡಿದ್ದೆ.

“ಅಲ್ಲೇ ಕಟ್ಟಿ ಮ್ಯಾಲ ಇಡಬೇ ಯಮ್ಮಾ, ನನ್ನ ಕೈ ಹಸಿ ಅದಾವ” ಎಂದಳಂತೆ ಆ ಮನೆಯ ಸೊಸೆ. ಮರುವಾರವೂ ಹಸಿ, ಅದರ ಮರುವಾರವೂ ಹಸಿ.

“ಆಕಿ ಕೈ ಒಣಗಿದ್ದು ನಾ ಒಂದಿನಾನೂ ಕಂಡಿಲ್ಲ ನೋಡು” ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಸ್ವಂತ ಮನೆಯೆಂಬ ಹಿಗ್ಗಿನಲ್ಲಿ ನನಗೆ ಅರ್ಥವಾಗಿರಲಿಲ್ಲ.

ಒಂದು ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಪಕ್ಕದ ಮನೆಯ ಸೊಸೆ, ಅವ್ವ ಆಗಷ್ಟೇ ಇಟ್ಟುಬಂದ ಬಟ್ಟಲನ್ನು ಎತ್ತಿ ಕರಿಬೇವಿನ ಬುಡಕ್ಕೆ ಸುರಿದಳು. ಬಟ್ಟಲನ್ನು ಗೋಡೆಯ ಮೇಲಿಟ್ಟು ಕೈ ತೊಳೆದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲು ಹತ್ತಿ, ನಮ್ಮ ಕೊಂಬೆಯನ್ನು ಜಗ್ಗಿ, ಅದೇ ಗಿಡದ ಹಣ್ಣುಗಳನ್ನು ಸೆರಗಿಗೆ ಬಿಡಿಸಿಕೊಳ್ಳತೊಡಗಿದಳು. ಒಂದೆರಡು ಬಾಯಿಗೂ ಹಾಕಿಕೊಂಡಳು.

ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ. ಗೋಡೆಯ ಹತ್ತಿರ ನಿಂತು ಕೇಳಿದೆ: “ಅಕ್ಕಾರ, ನಮ್ಮವ್ವ ಕೊಟ್ಟ ಹಣ್ಣು ಯಾಕ ಚೆಲ್ಲಿದ್ರಿ?”

ಆಕೆ ಗಾಬರಿಯಾಗಲಿಲ್ಲ. “ಅಯ್ಯ ಮೇಡಂ, ನಮ್ಮ ಅತ್ತಿಯವರು ಹಳೇ ಮಂದಿ. ನಿಮ್ಮ ಕೈಯಾಗಿಂದು ಅವರಿಗೆ ನಡಿಯಂಗಿಲ್ಲ.”

“ನಮ್ಮ ಗಿಡದ್ದು ನಡೀತೈತೇನು?”

“ಗಿಡಕ್ಕೇನ್ರಿ, ಅದು ದೇವರು ಕೊಟ್ಟದ್ದು.”

“ನೀರು ಹಾಕಿದಾಕಿ ನಮ್ಮವ್ವ.”

“ನೀವು ಓದಿದೋರು. ತಿಳಕೊಂಡು ಹೋಗಬೇಕ್ರಿ ಮೇಡಂ.”

ಈ ಮಾತು ನನಗೆ ಹೊಸದಲ್ಲ. ಬಾಡಿಗೆ ಮನೆ ಹುಡುಕುವಾಗ ಕೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ನನಗಷ್ಟೇ ಪೇಪರ್ ಕಪ್ಪಿನಲ್ಲಿ ಚಹಾ ಬಂದಾಗಲೂ ಕೇಳಿದ್ದೇನೆ. ಓದಿದವರು ತಿಳಿದುಕೊಳ್ಳಬೇಕಂತೆ. ಚೆಲ್ಲಿದವರು ಏನನ್ನೂ ತಿಳಿದುಕೊಳ್ಳಬೇಕಾಗಿಲ್ಲ. ಅವರ ಹೊಲಸನ್ನು ನುಂಗಿ ಸುಮ್ಮನಿರುವುದಕ್ಕೆ ನಾನು ಬಿ.ಎ., ಬಿ.ಎಡ್. ಮಾಡಿದೆನೇ?

ಗರಗಸ ತರಲು ಒಳಗೆ ಹೋದರೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ಆದರೆ ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

“ನಿನಗ ಗೊತ್ತಿತ್ತೇನಬೇ?”

“ಗೊತ್ತಿಲ್ದ ಏನು? ಗದ್ದ್ಯಾಗ ಬೊಗಸಿ ಒಡ್ಡಿ, ಮ್ಯಾಲಿಂದ ನೀರು ಹಾಕಿಸ್ಕೊಂಡು ಕುಡದಾಕಿ ನಾ.”

“ಮತ್ಯಾಕ ವಾರವಾರ ಒಯ್ದಿ?”

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಮಗಳು ಓದ್ಯಾಳ, ಮನಿ ಕಟ್ಟಿಸ್ಯಾಳ. ಈಗರ ಒಬ್ರು ಕೈಲೆ ಇಸ್ಗೊಂತಾರೇನು ಅಂತ ನೋಡಾಕ ಹೋಗಿದ್ದೆ.”

ಗರಗಸ ಹಿಡಿದು ಹಿತ್ತಲಿಗೆ ನಡೆದೆ. ಬೇಡ ಎನ್ನುತ್ತಾಳೆಂದುಕೊಂಡಿದ್ದೆ. ಅವ್ವ ಹಿಂದೆಯೇ ಬಂದಳು.

“ಕಡಿಯೂದಿದ್ರ ನೆಟ್ಟಗ ಕಡಿ. ಸೀಳಿದ್ರ ಗಿಡಕ್ಕ ಪೆಟ್ಟಾಕ್ಕೈತಿ” ಎಂದು ಕೊಂಬೆಯನ್ನು ಎರಡೂ ಕೈಯಿಂದ ನಮ್ಮ ಕಡೆಗೆ ಜಗ್ಗಿ ಹಿಡಿದಳು. ಕಡಿದೆ. ಕೊಂಬೆ ನಮ್ಮ ಹಿತ್ತಲಲ್ಲೇ ಬಿತ್ತು. ಗೋಡೆಯಾಚೆ ಆಕೆ ಸೆರಗಿನ ಗಂಟು ಹಿಡಿದು ನೋಡುತ್ತಲೇ ಇದ್ದಳು.

ಹಿಪ್ಪುನೇರಳೆ ಕಡಿದಷ್ಟೂ ಚಿಗುರುತ್ತದೆ, ಹೊಸ ಚಿಗುರಿನಲ್ಲೇ ಹಣ್ಣು ಹಿಡಿಯುತ್ತದೆ. ಎರಡು ತಿಂಗಳಲ್ಲಿ ನಮ್ಮ ಕಡೆಯ ಕಡ್ಡಿಗಳು ಕಪ್ಪಗೆ ತುಂಬಿದವು. ಅವ್ವ ಬಿಡಿಸುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು: “ಯಮ್ಮಾ, ಈ ಕಡಿ ಒಂದು ಟೊಂಗಿನೂ ಬಿಡಲಿಲ್ಲಲ್ಲ. ಮನ್ಯಾಗ ಹಣ್ಣು ಹಣ್ಣು ಅಂತಾರ.”

“ಹಣ್ಣು ಬಾಳ ಅದಾವ ಬಾರವ್ವ” ಎಂದಳು ಅವ್ವ, ತಿರುಗಿಯೂ ನೋಡದೆ. “ಮುಂದಿನ ಬಾಗಲಾ ತೆರದೈತಿ. ಒಳಗ ಬಂದು, ಕುಂತು ತಿನ್ನು.”

“ಕೆಲಸ ಅದಾವ. ಆಮ್ಯಾಲೆ ಬರ್ತೀನಿ.”

ಆ ಕಡೆ ಇಣುಕುವ ಪ್ರತಿಯೊಂದು ಚಿಗುರನ್ನೂ ನಾನು ಬೆರಳಿನಿಂದಲೇ ಚಿವುಟಿ ಹಾಕುತ್ತೇನೆ. ಅವ್ವ ಬಟ್ಟಲು ಒಯ್ಯುವುದನ್ನು ಬಿಟ್ಟಿದ್ದಾಳೆ. ಆದರೆ ಗಿಡ ಹಣ್ಣು ಬಿಟ್ಟಾಗಲೆಲ್ಲ ಗೋಡೆಯ ಹತ್ತಿರ ನಿಂತು, ಇಡೀ ಓಣಿಗೆ ಕೇಳುವ ಹಾಗೆ, ಒಂದು ಸಲ ಕರೆಯುತ್ತಾಳೆ. ಆಕೆ ಇನ್ನೂ ಬಂದಿಲ್ಲ.